ಅಪ್ಪನ ಸೇತುವೆಗೆ ನಾನು ಹಾಕಿದ ಗರಗಸ

ನನ್ನ ಮೇಜಿನ ಡ್ರಾವರಿನಲ್ಲಿ ಒಂದು ಹಳೆಯ ಕುಂಕುಮದ ಡಬ್ಬಿ ಇದೆ. ಅದರಲ್ಲಿ ಕುಂಕುಮವಿಲ್ಲ, ಎಂಟು ಕಟ್ಟಿಗೆಯ ತುಂಡುಗಳಿವೆ. ಒಂದೊಂದೂ ಎರಡು ಬೆರಳಿನ ಅಗಲದಷ್ಟು ಉದ್ದ, ಪೆನ್ಸಿಲ್ಲಿನಷ್ಟು ದಪ್ಪ. ಮೊನ್ನೆ ಹಬ್ಬಕ್ಕೆಂದು ಮನೆ ಸ್ವಚ್ಛ ಮಾಡುವಾಗ ಮಗಳ ಕೈಗೆ ಸಿಕ್ಕವು.

“ಇವನ್ನ ಚೆಲ್ಲಲೇನವ್ವಾ?”

“ಬ್ಯಾಡ, ಇಡು.”

“ಏನಿವು?”

“ಕಾಲು.”

“ಯಾರವು?”

ಉತ್ತರ ಹೇಳಲು ಕೂತರೆ ಅವಳ ಕಸಬರಿಗೆ ಅಲ್ಲಿಗೇ ನಿಲ್ಲುತ್ತಿತ್ತು. ನಿಮಗೆ ಅಂಥ ಅವಸರವೇನೂ ಇರಲಿಕ್ಕಿಲ್ಲ, ಹೇಳುತ್ತೇನೆ ಕೇಳಿ. ಅವು ಒಂದು ರೈಲು ಸೇತುವೆಯ ಕಾಲುಗಳು. ಕಡಿದವಳು ನಾನು. ಆಗ ನಾನು ಬಿ.ಎಸ್ಸಿ., ಬಿ.ಎಡ್.

ಈ ಎರಡು ಪದವಿಗಳನ್ನು ಹೆಸರಿನ ಮುಂದೆ ಹಚ್ಚದೆ ನಾನು ಆ ಕಾಲದಲ್ಲಿ ಸಹಿ ಮಾಡುತ್ತಿರಲಿಲ್ಲ. ಮೊದಲ ಪಗಾರದಲ್ಲಿ ಅವ್ವನಿಗೆ ಸ್ಟೀಲಿನ ಕೊಡ ಕೊಂಡಾಗ ಅದರ ಮೇಲೂ ಹೆಸರಿನ ಜೊತೆ ಪದವಿ ಕೊರೆಸಿದ್ದೆ. ಅವ್ವ ಆ ಕೊಡ ಹೊತ್ತು ನಳಕ್ಕೆ ಹೋದರೆ ಹೆಂಗಸರು, “ದಾರಿ ಬಿಡ್ರೇ, ಬಿ.ಎಸ್ಸಿ. ಕೊಡ ಬಂತು” ಎನ್ನುತ್ತಿದ್ದರಂತೆ. ನಗಬೇಡಿ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಏಳನೆಯ ಇಯತ್ತೆ ದಾಟಿದವರೇ ಇರಲಿಲ್ಲ. ಅಪ್ಪ ಮಾನಪ್ಪ ಚಕ್ಕಡಿ ಮಾಡುವ ಬಡಿಗ. ನಮ್ಮ ಊರು ಗಲಗಲಿಯಿಂದ ಕೆಳಗೆ, ಕೃಷ್ಣೆಯ ದಂಡೆಗೆ ಇತ್ತು. ಹೈಸ್ಕೂಲು ಆಚೆ ದಂಡೆಗೆ. ದಿನಾ ನಾವೆಯಲ್ಲಿ ದಾಟಿಸುತ್ತಿದ್ದವನು ಅಂಬಿಗರ ದುರಗಪ್ಪ ಕಾಕಾ. ಹೊಳೆ ತುಂಬಿದಾಗ ನಾವೆ ಬಿಡಲು ಆಗದು. ಆಗ ನಾನು ದಂಡೆಯ ಮೇಲೆ ನಿಂತು ಅಳುತ್ತಿದ್ದೆ. ಮಂದಿ ಸಾಲೆ ತಪ್ಪಿದರೆ ಕುಣಿಯುತ್ತಾರೆ, ಈಕೆಗೇನು ಬಂತು ಎಂದು ಕಾಕಾ ಅಪ್ಪನನ್ನು ಕೇಳಿದ್ದನಂತೆ.

ಹತ್ತನೆಯ ಪರೀಕ್ಷೆಗೆ ಎಲ್ಲರೂ ತೆಳ್ಳನೆಯ ರಟ್ಟಿನ ಪ್ಯಾಡು ಒಯ್ದರೆ, ನನಗೆ ಅಪ್ಪ ಜಾಲಿ ಕಟ್ಟಿಗೆಯದು ಮಾಡಿಕೊಟ್ಟ. ಒಂದು ಬೆರಳು ದಪ್ಪ. ಪರೀಕ್ಷೆಯ ಕೋಣೆಯಲ್ಲಿದ್ದ ಮಾಸ್ತರರು ಅದನ್ನು ಎತ್ತಿ ನೋಡಿ, “ಮನೀ ಕದಾ ಕಿತಗೊಂಡು ಬಂದೀ ಏನವಾ?” ಎಂದರು. ಅಪ್ಪನ ಕೆಲಸವೇ ಹಾಗೆ. ಎರಡು ಎತ್ತಿನ ಭಾರಕ್ಕೆ ಹೇಳಿದರೆ ನಾಲ್ಕು ಎತ್ತು ನಿಲ್ಲುವಂಥದ್ದನ್ನು ಮಾಡುತ್ತಿದ್ದ. ಬರಬಾರದ್ದು ಬಂದರೂ ತಡೆಯಬೇಕು ಎಂಬುದು ಅವನ ಲೆಕ್ಕ.

ಇನ್ನು ರೈಲು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ಕಡೆಗೆ ರೈಲು ಬರುತ್ತದೆ ಎಂಬ ಸುದ್ದಿ ನಾನು ಹುಟ್ಟುವ ಮೊದಲಿನಿಂದ ಇತ್ತು. ಸುದ್ದಿ ಬರುತ್ತಿತ್ತು, ರೈಲು ಬರುತ್ತಿರಲಿಲ್ಲ. ನಾನು ಮೊದಲ ಸಲ ರೈಲು ಹತ್ತಿದ್ದು ಬಿಜಾಪುರದಲ್ಲಿ ಬಿ.ಎಡ್. ಓದುವಾಗ, ಗೆಳತಿಯರ ಜೊತೆ ಸೊಲ್ಲಾಪುರಕ್ಕೆ. ಅವರೆಲ್ಲ ಚಾದರ ಕೊಂಡರು. ನಾನು ಒಂದು ಆಟಿಕೆಯ ರೈಲು ಕೊಂಡೆ. ಬ್ಯಾಟರಿಯ ಎಂಜಿನ್ನು, ಮೂರು ಡಬ್ಬಿ, ಪ್ಲಾಸ್ಟಿಕ್ ಹಳಿಯ ತುಂಡುಗಳು. ಅಂಗಡಿಯವನು ಎಷ್ಟು ವರ್ಷದ ಮಗುವಿಗೆ ಎಂದು ಕೇಳಿದ. ಅಣ್ಣನ ಮಗನಿಗೆ, ಐದು ವರ್ಷ ಎಂದೆ. ನನಗೆ ಅಣ್ಣನೇ ಇಲ್ಲ. ವಯಸ್ಸು ಇಪ್ಪತ್ನಾಲ್ಕು.

ಆ ರೈಲು ನಾಲ್ಕು ವರ್ಷ ಟ್ರಂಕಿನಲ್ಲೇ ಇತ್ತು. ಅಷ್ಟರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು, ನನಗೆ ಮುಧೋಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕಿಯ ನೌಕರಿ ಸಿಕ್ಕಿತು, ನಮ್ಮ ಊರು ನೀರಿನೊಳಗೆ ಹೋಯಿತು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಆದದ್ದೂ ಹಾಗೆಯೇ.

ಅಣೆಕಟ್ಟಿನ ಹಿನ್ನೀರು ಎಲ್ಲಿಯತನಕ ಬರುತ್ತದೆ ಎಂದು ತೋರಿಸಲು ಸರ್ವೆಯವರು ಊರ ಸುತ್ತ ಕಲ್ಲು ನೆಟ್ಟಿದ್ದರು. ಕಲ್ಲಿನ ಕೆಳಗಿನ ಮನೆ ಮುಳುಗಡೆ, ಮೇಲಿನದು ಅಲ್ಲ. ನಮ್ಮ ಹೊಸ್ತಿಲು ಕಲ್ಲಿಗಿಂತ ಒಂದು ಮೊಳ ಕೆಳಗಿತ್ತು. ಅಪ್ಪ ಆ ಒಂದು ಮೊಳವನ್ನು ಎಷ್ಟು ಸಲ ಅಳೆದನೋ. ಹಗ್ಗ ಹಿಡಿದು ಅಳೆದ, ಕೊಳವೆಯಲ್ಲಿ ನೀರು ತುಂಬಿ ಮಟ್ಟ ನೋಡಿದ. ಅಳತೆ ಬದಲಾಗಲಿಲ್ಲ. ಕೊನೆಗೆ ಎಲ್ಲರ ಹಾಗೆ ನಾವೂ ಮನೆಯ ತೊಲೆ, ಕಿಟಕಿ, ಬಾಗಿಲು ಬಿಚ್ಚಿಕೊಂಡು ಬೀಳಗಿ ಕಡೆಯ ಪುನರ್ವಸತಿ ಕೇಂದ್ರಕ್ಕೆ ಬಂದೆವು. ಬಂದ ದಿನ ಅಪ್ಪ ತನ್ನ ಉಳಿ, ಬಾಚಿ, ಗರಗಸಗಳ ಗೋಣಿಚೀಲವನ್ನು ಅಟ್ಟಕ್ಕೆ ಎಸೆದವನು ಮತ್ತೆ ಇಳಿಸಲಿಲ್ಲ. ಯಾರಾದರೂ ಕದವೋ ಮಂಚವೋ ಮಾಡಿಕೊಡು ಎಂದು ಬಂದರೆ, “ಬಿಟ್ಟೇನ್ರಿ, ಕೈ ನಡಗತಾವು” ಎನ್ನುತ್ತಿದ್ದ. ಕೈ ನಡುಗುತ್ತಿರಲಿಲ್ಲ, ಚಹಾದ ಬಸಿ ತುಳುಕಿಸದೆ ಕುಡಿಯುವುದನ್ನು ನಾನೇ ನೋಡಿದ್ದೆ. ಐವತ್ತೈದರ ಗಂಡಸು ದಿನವೆಲ್ಲ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಅವ್ವ ನನ್ನ ಹತ್ತಿರ ಮಾತ್ರ ಹೇಳಿದಳು: “ಹಿಂಗ ಕುಂತರ ಇಂವಾ ಭಾಳ ದಿನ ಉಳಿಯೂದಿಲ್ಲ ಕಮಲಾ.”

ಆ ವರ್ಷ ಜಮಖಂಡಿಯಲ್ಲಿ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನ. ನನ್ನ ಟ್ರಂಕಿನ ರೈಲು ಹೊರಬಂತು. ಎರಡು ಮೇಜು ಜೋಡಿಸಿ, ಸುತ್ತಲೂ ಹಳಿ ಹಾಸಿ, ನಡುವೆ ನೀಲಿ ಬಣ್ಣದ ಹೊಳೆ ಬಳಿದೆ. ಹೊಳೆಗೆ ಒಂದು ಮರದ ಸೇತುವೆ ಬೇಕು. ಒಂದು ಮಾಸಿಕದಲ್ಲಿ ಬಂದಿದ್ದ ಚಿತ್ರ ಕತ್ತರಿಸಿಕೊಂಡು ಅಪ್ಪನ ಮುಂದೆ ಹಿಡಿದೆ. ಅವನು ಬಹಳ ಹೊತ್ತು ನೋಡಿದ.

“ಇದಕ್ಕ ನೀ ಬಡಿಗ್ಯಾನ್ನ ಹುಡುಕು.”

“ಹುಡಕೀನಿ. ಯಾರೂ ಆಗೂದಿಲ್ಲ ಅಂದ್ರು. ಬೆರಳಿನಷ್ಟ ಸಣ್ಣ ಕೆಲಸ, ಮಾನಪ್ಪಗ ಆಗತಿತ್ತು, ಅವಂದೂ ಈಗ ಕೈ ನಡಗತಾವ ಅಂದ್ರು.”

“ಯಾಂವ ಅಂದಾಂವ?”

ಯಾರೂ ಅಂದಿರಲಿಲ್ಲ. ಅಪ್ಪ ಎದ್ದು ಅಟ್ಟಕ್ಕೆ ಏಣಿ ಹಚ್ಚಿದ.

ಮುಂದಿನ ಐದು ರವಿವಾರ ನಾನು ಮುಧೋಳದಿಂದ ಬಸ್ಸಿನಲ್ಲಿ ಬಂದು ಅಪ್ಪನ ಎದುರು ಕೂತೆ. ಹಳೆಯ ಮನೆಯಿಂದ ತಂದಿದ್ದ ಸಾಗವಾನಿ ಕಿಟಕಿಯ ಚೌಕಟ್ಟು ಹಿತ್ತಲಲ್ಲಿ ಬಿದ್ದಿತ್ತು, ಅದನ್ನೇ ಸೀಳಿದ. ಎಂಟು ಕಾಲು, ಎರಡೆರಡರ ಜೋಡಿ, ಜೋಡಿಯ ನಡುವೆ ಕತ್ತರಿಯಂತೆ ಅಡ್ಡಪಟ್ಟಿ. ನಾನು ಫೆವಿಕಾಲು ತಂದಿದ್ದೆ. ಅದನ್ನು ಅವ್ವನ ಕೈಗೆ ಕೊಟ್ಟು, “ಹರದ ಚಪ್ಪಲಿಗೆ ಹಚ್ಚು” ಎಂದ. ಮೊಳೆಯನ್ನೂ ಮುಟ್ಟಲಿಲ್ಲ. ಕಡಲೆಬೇಳೆಯಷ್ಟು ಸಣ್ಣ ತೂತು ಕೊರೆದು, ಬಿದಿರಿನ ಗೂಟ ಹೊಡೆದು ಕೂಡಿಸಿದ.

“ಕೂಡಸೂದು ಕಟ್ಟಿಗಿ ಕೆಲಸ. ಮೊಳಿ ಹೊಡಿಯೂದು ಸಿಟ್ಟಿನ ಕೆಲಸ.”

ಸೇತುವೆಯ ಕಟಾಂಜನಕ್ಕೆ, ಅಂದರೆ ಎರಡೂ ಬದಿಯ ತಡೆಗೆ, ಸಣ್ಣ ಕಡ್ಡಿಗಳು ಬೇಕಿದ್ದವು. ರಬಕವಿಯ ನೇಕಾರರ ಮನೆಯಿಂದ ಬರುತ್ತಿದ್ದ ನಮ್ಮ ಶಾಲೆಯ ಟೀಚರೊಬ್ಬರು ಮಗ್ಗದ ಮುರಿದ ಹಣಿಗೆ ತಂದುಕೊಟ್ಟರು. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ, ಬಾಚಣಿಗೆಯಂಥ ಸಾಧನ ಅದು. ಅದರ ಬಿದಿರಿನ ಹಲ್ಲುಗಳು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. “ಎಷ್ಟ ಸೀರಿ ಹಾದು ಹೋಗ್ಯಾವೋ ಇದರಾಗ” ಎಂದು ಅಪ್ಪ ಒಂದೊಂದನ್ನೂ ಒರೆಸಿ ನೆಟ್ಟ.

ನನ್ನ ಪಾಲಿನ ಕೆಲಸ ಬಣ್ಣದ್ದು. ನಾನು ಕೆಮಿಸ್ಟ್ರಿ ಓದಿದವಳು. ತುಕ್ಕು ಹಿಡಿದ ಮೊಳೆಗಳನ್ನು ಹುಣಸೆಯ ನೀರಿನಲ್ಲಿ ಮೂರು ದಿನ ನೆನೆಹಾಕಿ, ಕಟ್ಟಿಗೆಗೆ ಮೊದಲು ಚಹಾದ ಡಿಕಾಕ್ಷನ್ ಬಳಿದು, ಆಮೇಲೆ ಆ ಮೊಳೆನೀರು ಬಳಿದೆ. ನೋಡನೋಡುತ್ತ ಹೊಸ ಕಟ್ಟಿಗೆ ನೂರು ಮಳೆಗಾಲ ಕಂಡದ್ದರ ಹಾಗೆ ಬೂದುಗಪ್ಪಾಯಿತು. ಅಪ್ಪನಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು.

“ಮಂದಿ ಹಳೇದನ್ನ ಹೊಸಾದ ಮಾಡಸಾಕ ಬರತಾರ. ನೀ ಓದಿದಾಕಿ, ಹೊಸಾದನ್ನ ಹಳೇದ ಮಾಡಾಕತ್ತಿಯಲ್ಲ ಬೇ!”

ಊರು ಬಿಟ್ಟ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಒಂದೇ ಒಂದು ವಾದ ಬಂತು, ಎತ್ತರದ ಬಗ್ಗೆ. ಮೂರು ಬೆರಳು ಸಾಕು ಎಂದು ನಾನು. ಅಪ್ಪ ಉಳಿ ಕೆಳಗಿಟ್ಟು ಕೇಳಿದ:

“ಹೊಳಿ ಎಲ್ಲೀತನ ಏರತೈತಿ?”

“ಅಪ್ಪಾ, ಅದು ಬಣ್ಣ. ಏರೂದಿಲ್ಲ.”

“ಏರೂದಿಲ್ಲಂತ ನಮಗೂ ಹಂಗ ಅಂದಿದ್ರು.”

ಸೇತುವೆ ಐದು ಬೆರಳು ಎತ್ತರ ಆಯಿತು. ಪ್ರದರ್ಶನದ ಹಿಂದಿನ ಶುಕ್ರವಾರ ಅಪ್ಪ ಅದನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡು ನಮ್ಮ ಶಾಲೆಗೇ ಬಂದು ಮೇಜಿನ ಮೇಲೆ ಕೂರಿಸಿದ. ಮಣ್ಣಿನ ದಂಡೆಯ ಬದಿಗೆ ನೀರಿಗಿಳಿಯಲು ಪಾವಟಿಗೆ ಇಟ್ಟ, ರೈಲು ಸೇತುವೆಗೆ ಪಾವಟಿಗೆ ಯಾಕೆ ಎಂದರೆ, “ಮಂದಿ ನೀರಿಗಿ ಇಳೀಬಾರದೇನ?” ಎಂದ. ಆಮೇಲೆ ಕಿಸೆಯಿಂದ ಶೇಂಗಾಬೀಜದಷ್ಟು ಒಂದು ಬಿಳಿ ಕಲ್ಲು ತೆಗೆದು, ಅಳೆದು, ಸರ್ವೆಯವರ ಹಾಗೆ ದಂಡೆಯಲ್ಲಿ ನೆಟ್ಟ. ಮೇಜಿನಿಂದ ಮೂರು ಬೆರಳು ಎತ್ತರಕ್ಕೆ. ಕಲ್ಲಿಗೂ ಸೇತುವೆಯ ಹಲಗೆಗೂ ನಡುವೆ ಎರಡು ಬೆರಳು ಇಟ್ಟು ನೋಡಿದ. ಸಲೀಸಾಗಿ ಹೋದವು.

“ಈಗ ಎಷ್ಟರ ಬರ್ಲಿ ನೀರು” ಎಂದು ಸಂಜೆಯ ಬಸ್ಸಿಗೆ ಹೋದ.

ಶನಿವಾರ ಮಧ್ಯಾಹ್ನ ದಾರಿಯ ಏರಿಗೆ ಹಾಕಿದ ಮಣ್ಣು ಒಣಗಿತ್ತು. ಹಳಿ ಹಾಸಿ ರೈಲು ಬಿಟ್ಟೆ. ಎಂಜಿನ್ನು ಅರ್ಧ ಏರು ಹತ್ತಿ, ಗಾಲಿ ಗರಗರ ತಿರುಗಿ, ಹಿಂದಕ್ಕೆ ಜಾರಿತು. ಮತ್ತೆ ಬಿಟ್ಟೆ. ಮತ್ತೆ ಜಾರಿತು. ಲೆಕ್ಕ ಹಾಕಿ ನೋಡಿದೆ: ಆ ಎಂಜಿನ್ನಿಗೆ ಒಂದು ಬೆರಳು ಏರಲು ಎರಡು ಮೊಳ ದಾರಿ ಬೇಕು. ಐದು ಬೆರಳಿಗೆ ಹತ್ತು ಮೊಳ. ನನ್ನ ಹತ್ತಿರ ಒಂದೊಂದು ಕಡೆಗೆ ಇದ್ದದ್ದು ಆರು ಮೊಳ. ಉಳಿದ ಜಾಗವನ್ನೆಲ್ಲ ನನ್ನ ಸುರಂಗ ತಿಂದಿತ್ತು.

ಸುರಂಗದ ಬಗ್ಗೆ ಹೇಳಲೇಬೇಕು. ಹಳೆಯ ಉತ್ತರಪತ್ರಿಕೆಗಳನ್ನು ನೆನೆಸಿ, ರುಬ್ಬಿ, ಗುಡ್ಡ ಮಾಡಿ, ಹಸಿರು ಬಳಿದು ನಾನು ಕಟ್ಟಿದ್ದು. ನೋಡಿದವರು ಅದನ್ನು ಗುಡ್ಡ ಎಂದು ಗುರುತಿಸುತ್ತಿರಲಿಲ್ಲ. ಹೆಡ್ ಮಾಸ್ತರರು ಎಮ್ಮೆ ಎಂದುಕೊಂಡಿದ್ದರು. ಆದರೆ ಅದು ನನ್ನದು. ಅದನ್ನು ತೆಗೆದಿದ್ದರೆ ಹಳಿಗೆ ಜಾಗ ಸಿಗುತ್ತಿತ್ತು, ಅಪ್ಪನ ಸೇತುವೆ ಹಾಗೇ ಇರುತ್ತಿತ್ತು. ಇದು ಇಂದು ಬರೆಯುವಾಗ ಹೊಳೆದದ್ದಲ್ಲ, ಅಂದೇ ಗೊತ್ತಿತ್ತು. ಗೊತ್ತಿದ್ದೂ ನಾನು ಶಾಲೆಯ ಗರಗಸದ ಅಲಗು ತಂದು, ಸೇತುವೆ ಮಗುಚಿ, ಎಂಟೂ ಕಾಲುಗಳಿಂದ ಎರಡೆರಡು ಬೆರಳು ಕಡಿದೆ. ಎರಡು ಬೆರಳು ಯಾರಿಗೆ ಕಾಣುತ್ತದೆ? ರೈಲು ಸಲೀಸಾಗಿ ಹತ್ತಿ ಇಳಿಯಿತು. ಬಿ.ಎಸ್ಸಿ. ಓದಿದ್ದು ಸಾರ್ಥಕ ಎನಿಸಿತು.

ಸೋಮವಾರ ಜಮಖಂಡಿ. ಅಪ್ಪ ನೀಲಿ ಹಾಕಿ ಒಗೆದ ಧೋತರ ಉಟ್ಟು ಬಂದ. ಜೊತೆಗೆ ದುರಗಪ್ಪ ಕಾಕಾ. ಅವನೂ ನಮ್ಮ ಹಾಗೆ ಪುನರ್ವಸತಿ ಕೇಂದ್ರಕ್ಕೆ ಬಂದು, ನಾವೆಯನ್ನು ಹಿತ್ತಲಲ್ಲಿ ಮಗುಚಿ ಕುರಿಮರಿ ಕಟ್ಟಿದ್ದ. “ನಿಮ್ಮಪ್ಪ ಮೂರು ದಿನದಿಂದ ತಲಿ ತಿಂದಾನ ತಂಗಿ, ಸೇತುವಿ ಸೇತುವಿ ಅಂತ. ತೋರಸು ನೋಡೂಣು.”

ರೈಲು ಬಿಟ್ಟೆ. ಹುಡುಗರು ಚಪ್ಪಾಳೆ ತಟ್ಟಿದರು. ಪರೀಕ್ಷಕರು ಕನ್ನಡಕ ತೆಗೆದು ಗೂಟಗಳನ್ನು ನೋಡಿ, ಇದನ್ನು ಕೂಡಿಸಿದವರು ಯಾರು ಎಂದರು. ನಾನು ಅಪ್ಪನ ಕಡೆ ಕೈ ಮಾಡಿದೆ. ಅಪ್ಪ ಅತ್ತ ನೋಡಲೇ ಇಲ್ಲ. ಬಗ್ಗಿ, ಕಲ್ಲಿಗೂ ಹಲಗೆಗೂ ನಡುವೆ ಬೆರಳು ಇಡಲು ಹೋದ. ಬೆರಳು ಹೋಗಲಿಲ್ಲ. ಹಲಗೆ ಕಲ್ಲಿಗೆ ಸಮ ಇತ್ತು.

“ಏ ಮಾನಪ್ಪಾ, ರೈಲು ಮ್ಯಾಲ ಹೊಂಟೈತಿ, ನೀ ಕೆಳಗ ಏನ ಹುಡಕತೀ?” ಎಂದ ದುರಗಪ್ಪ ಕಾಕಾ.

ಅಪ್ಪ ನೆಟ್ಟಗಾದ. ಬೈಯಲಿಲ್ಲ. ನನ್ನೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಅಂದ:

“ಇದೂ ಮುಳುಗಿತಲ್ಲ ಬೇ.”

ಊಟಕ್ಕೆ ನಿಲ್ಲದೆ ಹೋದ. ನಮ್ಮ ಮಾದರಿಗೆ ಎರಡನೆಯ ಬಹುಮಾನ ಬಂತು. ಆ ಪ್ರಮಾಣಪತ್ರ ಈಗ ಎಲ್ಲಿದೆಯೋ ನನಗೆ ಗೊತ್ತಿಲ್ಲ.

ಗುರುವಾರ ಅವ್ವ ಅಂಗಡಿಯ ಡಬ್ಬಿ ಫೋನಿನಿಂದ ಶಾಲೆಗೆ ಫೋನು ಮಾಡಿಸಿದಳು. “ಏನ ಮಾಡಿದಿಯೇ ನೀನು? ನಿಮ್ಮಪ್ಪ ಚೀಲದ ಬಾಯಿ ಕಟ್ಯಾನ. ಈ ಸಲ ಅಟ್ಟಕ್ಕ ಒಗೀಲಿಲ್ಲ. ಯಾರಿಗಿ ಬೇಕು ಕೊಟ್ಟಬಿಡು ಅನ್ನಾಕತ್ಯಾನ.”

ಸಾಧನಗಳನ್ನು ಕೊಟ್ಟ ಬಡಿಗ ಮತ್ತೆ ಬಡಿಗನಾಗುವುದಿಲ್ಲ. ರವಿವಾರದ ಮೊದಲ ಬಸ್ಸಿಗೆ ಹೊರಟೆ. ಮಡಿಲಲ್ಲಿ ಸೇತುವೆ, ಪರ್ಸಿನಲ್ಲಿ ಕಡಿದ ಎಂಟು ತುಂಡು. ಬಾಡಗಂಡಿ ಕಡೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು, ನಾನು ಮಾತು ಜೋಡಿಸುತ್ತಿದ್ದೆ. ನಮ್ಮ ಮನೆಯಲ್ಲಿ ಕ್ಷಮಿಸು ಎಂದು ಯಾರೂ ಯಾರಿಗೂ ಅಂದವರಲ್ಲ. ಆ ಮಾತನ್ನು ನಾನು ಪುಸ್ತಕದಲ್ಲಿ ಕಲಿತಿದ್ದೆ, ಬಾಯಲ್ಲಿ ಅಲ್ಲ.

ಅಪ್ಪ ಕಟ್ಟೆಯ ಮೇಲಿದ್ದ. ಸೇತುವೆಯನ್ನೂ ತುಂಡುಗಳನ್ನೂ ಅವನ ಮುಂದೆ ಇಟ್ಟೆ. ಜೋಡಿಸಿಕೊಂಡು ಬಂದ ಮಾತೆಲ್ಲ ಬಸ್ಸಿನಲ್ಲೇ ಉಳಿದಿತ್ತು.

“ಅಪ್ಪಾ, ನನ್ನ ಗುಡ್ಡಾ ತಗೀಬೇಕಿತ್ತು. ನಿನ್ನ ಸೇತುವಿ ಕಡದೆ. ಗೊತ್ತಿದ್ದ ಕಡದೆ.”

ಅವನು ಒಂದು ತುಂಡು ಎತ್ತಿಕೊಂಡು ಕಡಿದ ಮೈಯನ್ನು ಹೆಬ್ಬೆರಳಿನಿಂದ ಸವರಿದ. ಇನ್ನೊಂದನ್ನು ಸವರಿದ. ಎಂಟೂ ಆದವು.

“ಕಡದದ್ದರ ನೆಟ್ಟಗ ಕಡದೀ ಏನ? ನೋಡಿಲ್ಲಿ, ಇಲಿ ಕಡದಂಗ ಐತಿ. ಬಡಿಗ್ಯಾನ ಮಗಳು!”

ಆ ಬೈಗುಳ ಕೇಳಿ ನನಗೆ ಅಳು ಬಂತು. ಒಳಗೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದು ಕೇಳಿಸಿತು.

“ಗೂಟಾ ಹೊಡದು ಮತ್ತ ಕೂಡಸಾಕ ಬರತೈತೇನಪ್ಪಾ?”

“ಕಾಲಿಗಿ ಕಾಲು ಕಟ್ಟಿದ್ರ ಅದು ಕುಂಟ ಆಗತೈತಿ. ಹೊಸಾವ ಮಾಡಬೇಕು.” ತುಂಡುಗಳನ್ನು ಬದಿಗೆ ಸರಿಸಿ ಕೇಳಿದ: “ನಿನ್ನ ಎಂಜಿನ್ನು ಯಾಕ ಏರಲಿಲ್ಲ?”

ನನ್ನ ಓದಿನ ಬಗ್ಗೆ ಅಪ್ಪನಿಗೆ ಹೆಮ್ಮೆ ಇತ್ತು. ಆದರೆ ನನ್ನ ಓದಿನೊಳಗಿನದನ್ನು ಅವನು ನನ್ನಿಂದ ಕೇಳಿದ್ದು ಅದೇ ಮೊದಲು. ಬೆರಳಿಗೆ ಎರಡು ಮೊಳ ಎಂದು ವಿವರಿಸಿದೆ. ಆ ಲೆಕ್ಕವನ್ನು ಅವನು ನನಗಿಂತ ಬೇಗ ಮಾಡಿದ.

“ಆ ಕಡೆ ಹತ್ತು, ಈ ಕಡೆ ಹತ್ತು. ನಡುವ ಸೇತುವಿ ಎರಡು ಮೊಳ. ಮೇಜಿನ ಮ್ಯಾಲ ಯಾಕ ಬೇಕು? ಅಂಗಳ ಇಲ್ಲೇನ ನಮಗ?”

“ನನ್ನ ಹಳಿ ಮೇಜಿನ ಸುತ್ತ ತಿರಗೂವು ಅಪ್ಪಾ, ಅಂಗಳಕ್ಕ ಸಾಲೂದಿಲ್ಲ.”

“ಎರಡು ಗಾಲಿ ನಡುವ ಎಷ್ಟ ಜಾಗ ಇರಬೇಕಂತ ಚಕ್ಕಡಿ ಮಾಡಾಂವಗ ಹೇಳತೀ ಏನ?”

ಚೀಲದ ಬಾಯಿ ಬಿಚ್ಚಿತು. ನಾನು ಆ ಎಂಟು ತುಂಡುಗಳನ್ನು ಪರ್ಸಿಗೆ ಹಾಕಿಕೊಂಡೆ. ಒಲೆಗೆ ಹಾಕಲು ಮನಸ್ಸು ಬರಲಿಲ್ಲ.

ಬಿದಿರು ಸೀಳಿ ಹಳಿ ಮಾಡಲು ಅವನಿಗೆ ಮೂರು ವಾರ ಹಿಡಿಯಿತು. ಎಂಜಿನ್ನು ಬ್ಯಾಟರಿಯದಾದ್ದರಿಂದ ಹಳಿ ಕಬ್ಬಿಣದ್ದೇ ಆಗಬೇಕೆಂದಿರಲಿಲ್ಲ. ಅದು ಮುಗಿದ ರವಿವಾರ ಬೆಳಿಗ್ಗೆ ನಾನು ಬರುವ ಹೊತ್ತಿಗೆ ನಡುಮನೆಯಿಂದ ಹೊರಟ ದಾರಿ ಹೊಸ್ತಿಲು ದಾಟಿ, ಇಟ್ಟಿಗೆ ಚೂರುಗಳ ಮೇಲೆ ಮೆಲ್ಲಮೆಲ್ಲಗೆ ಏರುತ್ತ ಅಂಗಳಕ್ಕೆ ಬಂದು, ಹೊಸ ಕಾಲುಗಳ ಸೇತುವೆ ದಾಟಿ, ತುಳಸಿಕಟ್ಟೆ ಬಳಸಿ ಇಳಿದಿತ್ತು. ಸೇತುವೆಯ ಕೆಳಗೆ ಅವ್ವ ನೀಲಿ ಪುಡಿಯಲ್ಲಿ ಹೊಳೆಯ ರಂಗೋಲಿ ಹಾಕಿದ್ದಳು. ಓಣಿಯೆಲ್ಲ ಅಂಗಳದಲ್ಲಿ ನೆರೆದಿತ್ತು.

ರೈಲು ಬಿಟ್ಟೆ. ಹೊಸ್ತಿಲಿನ ಹತ್ತಿರ ಒಂದು ಕ್ಷಣ ತಡೆಯಿತು. “ಏರು, ಏರು ನನ್ನವ್ವಾ” ಎಂದು ಅಪ್ಪ ಎತ್ತಿಗೆ ಹೇಳುವ ದನಿಯಲ್ಲಿ ಹೇಳಿದ. ಏರಿತು. ಸೇತುವೆಯ ಮೇಲೆ ಹೋಗುವಾಗ ಕಟಕಟ ಎಂದು ಖರೆ ಖರೆ ರೈಲಿನ ಸದ್ದು ಬಂತು, ಬಿದಿರಿನ ಜೋಡುಗಳದ್ದು. ದುರಗಪ್ಪ ಕಾಕಾ ಟೊಪ್ಪಿಗೆ ಎತ್ತಿ ಹಾರಿಸಿದ. “ಬಂತ್ರೋ! ಜಮಖಂಡಿಗಿ ಬರೂಕಿಂತ ಮೊದಲ ನಮ್ಮ ಓಣಿಗಿ ಬಂತು ರೈಲು!”

ನಗೆ ಇಳಿದ ಮೇಲೆ ಎದುರು ಮನೆಯ ರೇಣವ್ವ ಮುಂದೆ ಬಂದಳು. ಹೆರಿಗೆಗೆ ಬಂದ ಅವಳ ಮಗಳು ಹೆತ್ತು ಒಂದು ತಿಂಗಳಾಗಿತ್ತು. ಕೂಸು ಅಜ್ಜಿಯ ಹೆಗಲ ಮೇಲೆ ಮಲಗಿತ್ತು.

“ಮಾನಪ್ಪಣ್ಣಾ, ಇಷ್ಟ ಸಣ್ಣಾದು ಮಾಡತಾವ ನಿನ್ನ ಕೈ, ನಡಗತಾವಂತ ಸುಳ್ಳ ಹೇಳಿದಿ ನನಗ. ಕೂಸು ಇನ್ನೂ ಸೀರಿ ಜೋಳಿಗ್ಯಾಗ ಮಲಗತೈತಿ. ಒಂದು ತೊಟ್ಟಲಾ ಮಾಡಿಕೊಡು.”

ಅವ್ವ ನನ್ನ ಮುಖ ನೋಡಿದಳು. ನಾನು ಅಪ್ಪನ ಮುಖ ನೋಡಿದೆ. ಅವನು ಧೋತರಕ್ಕೆ ಕೈ ಒರೆಸಿಕೊಂಡ.

“ಇಲ್ಲಿ ಮಲಗಸು.”

ರೇಣವ್ವ ಹಳಿಯ ಪಕ್ಕ ಸೆರಗು ಹಾಸಿ ಕೂಸನ್ನು ಮಲಗಿಸಿದಳು. ಅಪ್ಪ ಮಂಡಿಯೂರಿ, ಕೈ ಅಗಲಿಸಿ, ಅಂಗಾಲಿನಿಂದ ನೆತ್ತಿಯತನಕ ಗೇಣು ಹಾಕಿದ. ಎರಡು ಗೇಣಿಗೆ ಸ್ವಲ್ಪ ಹೆಚ್ಚು. ಕೂಸು ಅವನ ಹೆಬ್ಬೆರಳು ಹಿಡಿದುಕೊಂಡಿತು. ಬಿಡಿಸಿಕೊಳ್ಳದೆ, ಇನ್ನೊಂದು ಕೈಯಿಂದಲೇ ಅದರ ತಲೆಯ ಆಚೆಗೆ ನೆಲದ ಮೇಲೆ ಮತ್ತೆರಡು ಗೇಣು ಅಳೆದು, ಅಲ್ಲೊಂದು ಗೆರೆ ಎಳೆದ.

“ಬೆಳೀತೈತಿ,” ಎಂದ. “ಇಲ್ಲೀತನ ಹಿಡಿಯೂಣು.”